ಆರ್ಗನ್ ಎಣ್ಣೆ ಮತ್ತು ನನ್ನ ತ್ಯಾಗ

ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಒಂದು ದಿನದ ಅವಮಾನ. ಬಾಯಿ ಬಿಡದೆ ಸುಮ್ಮನಿದ್ದು ಹೊಗಳಿಸಿಕೊಂಡವನ ಪಾಡು ಹಾಗಲ್ಲ. ಆ ಹೊಗಳಿಕೆಯನ್ನು ಅವನು ದಿನವೂ ಹೊರಬೇಕು. ನಾನು ಕೆಲವು ತಿಂಗಳಿಂದ ಹೊರುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ನನ್ನ ಹೆಂಡತಿ ಸರೋಜಾಳಿಗೆ ಡೆಂಗಿ ಬಂತು. ಜ್ವರ ಬಿಟ್ಟು ಎರಡು ತಿಂಗಳಾದ ಮೇಲೆ ಕೂದಲು ಬಾಚಣಿಗೆಗೆ ಉಂಡೆಯುಂಡೆಯಾಗಿ ಬರತೊಡಗಿತು. ಉಳಿದದ್ದು ತೆಂಗಿನ ನಾರಿನಂತಾಯಿತು. ನಾವಿರುವ ಮಲ್ಕಾಜ್‌ಗಿರಿಯ ಕನ್ನಡ ಹೆಂಗಸರ ಭಜನೆಯನ್ನು ಒಂದು ವಾರವೂ ತಪ್ಪಿಸದವಳು ಅಲ್ಲಿಗೆ ಹೋಗುವುದನ್ನೇ ಬಿಟ್ಟಳು. ಕೂದಲು ತಾನಾಗಿ ಮತ್ತೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರೂ ಅವಳಿಗೆ ಸಮಾಧಾನವಿರಲಿಲ್ಲ. ಮಿಯಾಪುರದಲ್ಲಿರುವ ಮಗಳು ಫೋನ್ ಮಾಡಿ, ಮೊರಾಕ್ಕೊ ದೇಶದ ಒಂದು ಮರದ ಬೀಜದಿಂದ ತೆಗೆಯುವ ಆರ್ಗನ್ ಎಣ್ಣೆ ಒಣಗಿದ ಕೂದಲಿಗೆ ಒಳ್ಳೆಯದು ಎಂದಳು. ನಾನೇ ತರುತ್ತೇನೆ ಎಂದೆ.

ನಾನು ನಾಚಾರಂನ ಕಾರ್ಖಾನೆಯೊಂದರಲ್ಲಿ ಮಾಲು ತಪಾಸಣೆ ಮಾಡುವವನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬೋಲ್ಟನ್ನು ವಾಪಸ್ ಕಳಿಸುತ್ತೇನೆ. ಅಂಥವನು ಪೇಟೆಯಲ್ಲಿ ಅಂಗಡಿಯವನ ‘ಅಸ್ಲಿ ಮಾಲ್ ಹೈ ಸಾಬ್’ ಎಂಬ ಒಂದೇ ಮಾತಿಗೆ ಒಂದು ದೊಡ್ಡ ಪ್ಲಾಸ್ಟಿಕ್ ಬಾಟಲಿ ಹಿಡಿದು ಬಂದೆ. ಬಾಟಲಿಯ ಹಿಂಬದಿಯ ಚೀಟಿ ಓದಲಿಲ್ಲ. ಮುಂದಿದ್ದ ದಟ್ಟ ಕೂದಲಿನ ಚಿತ್ರವನ್ನೇ ನೋಡಿದೆ.

ಆ ಚಿತ್ರವೇ ನನ್ನನ್ನು ಕೆಡಿಸಿತು. ನನ್ನ ತಲೆ ಬೋಳಾಗಿ ಹದಿನೈದು ವರ್ಷ. ಎಣ್ಣೆ ತಂದ ಸುದ್ದಿಯನ್ನು ಸರೋಜಾಳಿಗೆ ಹೇಳದೆ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮೂರು ದಿನ ನೆತ್ತಿಗೆ ತಿಕ್ಕಿದೆ. ಕನ್ನಡಿಯಲ್ಲಿ ಬಗ್ಗಿ ಬಗ್ಗಿ ಚಿಗುರು ಹುಡುಕಿದೆ. ನಾಲ್ಕನೆಯ ದಿನ ಚಿಗುರಿನ ಬದಲು ಗುಳ್ಳೆ ಎದ್ದವು. ತಲೆ ಬೀಟ್‌ರೂಟ್ ಆಯಿತು.

ಸರೋಜಾ ನನ್ನ ತಲೆ ನೋಡಿದಳು, ಬಾಟಲಿ ನೋಡಿದಳು. ಅವಳ ಕಣ್ಣು ತುಂಬಿತು.

“ನನಗ ಕೊಡೂಕಿಂತ ಮೊದಲ ನಿಮ್ಮ ತಲಿಗೆ ಹಚ್ಚಿ ನೋಡಿದ್ರೇನ್ರಿ?”

ಉರಿಯುವ ತಲೆಯನ್ನು ಮೆಲ್ಲಗೆ ಆಡಿಸಿದೆ, ಅಷ್ಟೆ.

ಚರ್ಮದ ಡಾಕ್ಟರಮ್ಮ ಬಾಟಲಿಯ ಚೀಟಿ ಓದಿ ನಕ್ಕರು. ಮೊದಲು ಪೆಟ್ರೋಲಿಯಂನಿಂದ ಬರುವ ಎಣ್ಣೆ, ಆಮೇಲೆ ಬಣ್ಣ, ಸುಗಂಧ. ಆರ್ಗನ್ ಹೆಸರು ಕಟ್ಟಕಡೆಗೆ. ಅಸಲಿಯಾದರೆ ಚೀಟಿಯಲ್ಲಿ ಅದೊಂದೇ ಎಣ್ಣೆಯ ಹೆಸರಿರಬೇಕಂತೆ. ಗಾಢ ಬಣ್ಣದ ಗಾಜಿನ ಸೀಸೆ, ತಯಾರಿಸಿದವರ ಅಥವಾ ತರಿಸಿದವರ ವಿಳಾಸ, ಮುಗಿಯುವ ತಾರೀಖು ನೋಡಬೇಕು. ಘಮಘಮ ಅಂದರೆ ಅನುಮಾನಿಸಬೇಕು. ಹಚ್ಚುವ ಮೊದಲು ಮೊಣಕೈ ಒಳಗೆ ಒಂದು ಹನಿ ಹಾಕಿ ಒಂದು ದಿನ ಕಾಯಬೇಕು. ಬಾದಾಮಿ, ಅಕ್ರೋಟು ಒಗ್ಗದವರು ಕೇಳಿಯೇ ಹಚ್ಚಬೇಕು. ಒಣ ಕೂದಲು, ಒಣ ಚರ್ಮ ಮೆತ್ತಗಾಗುತ್ತದೆ. ಬೋಳುತಲೆಯಲ್ಲಿ ಕೂದಲು ಹುಟ್ಟುವುದಿಲ್ಲ. ಈ ಕೊನೆಯ ಮಾತನ್ನು ಅವರು ನನ್ನನ್ನೇ ನೋಡಿ ಹೇಳಿದರು.

ಮಗಳು ಎಲ್ಲ ನೋಡಿ ಪುಟ್ಟ ಸೀಸೆಯೊಂದನ್ನು ತರಿಸಿದಳು. ಸರೋಜಾ ಮೊಣಕೈಗೆ ಹಚ್ಚಿ ನೋಡಿ, ಆಮೇಲೆ ಕೂದಲಿನ ತುದಿಗೆ ಎರಡೇ ಹನಿ ಸವರತೊಡಗಿದಳು. ನಾರು ಮೆತ್ತಗಾಯಿತು, ಹೊಸ ಕೂದಲು ಡಾಕ್ಟರು ಹೇಳಿದಂತೆ ತಾನಾಗಿಯೇ ಬಂತು. ಸರೋಜಾ ಭಜನೆಗೆ ಹೊರಟಳು. ಅಲ್ಲಿ ಭಜನೆಗಿಂತ ನನ್ನ ತ್ಯಾಗದ ಕಥೆಯೇ ಹೆಚ್ಚು ನಡೆಯಿತೆಂದು ಕಾಣುತ್ತದೆ. ಹೆಂಗಸರು ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಕೈಮುಗಿಯತೊಡಗಿದರು. ನಿಜ ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಸರೋಜಾ ಬಿಸಿ ಚಪಾತಿ ಬಡಿಸಿದಳು.

ಮೊನ್ನೆ ರೈಲ್ವೆಯಿಂದ ನಿವೃತ್ತರಾದ ಪಕ್ಕದ ಬೀದಿಯ ಕುಲಕರ್ಣಿಯವರು ದಾರಿಯಲ್ಲಿ ತಡೆದು ನಿಲ್ಲಿಸಿದರು. ಅವರ ಮುಖದ ಅರ್ಧಭಾಗ ಹಸಿರಾಗಿತ್ತು.

“ನಿಮ್ಮ ದೆಸಿಯಿಂದ ನಮಗ ಭಾಳ ತ್ರಾಸ ಆಗೇತ್ರಿ,” ಎಂದರು. “ನಮ್ಮಾಕಿ ಮುಖಕ್ಕ ಹಚ್ಚೂದು ಏನರ ತಂದ್ರ, ಮೊದಲ ನೀವು ಹಚ್ಕೊಂಡು ನೋಡ್ರಿ, ಸರೋಜಾನ ಯಜಮಾನ್ರು ನೋಡ್ಲಿಲ್ಲೇನು ಅಂತಾಳ. ನೀವು ಹೆಂಗ ತಡ್ಕೊಂಡ್ರಿ?”

ಪಾಪ, ಅವರಿಗಾದರೂ ನಿಜ ಹೇಳಬೇಕಾಗಿತ್ತು. ಅಷ್ಟರಲ್ಲಿ ಅವರ ಹೆಂಡತಿ ಗೇಟಿನಿಂದ ನನಗೆ ಕೈಮುಗಿದರು.

“ರೂಢಿ ಆಗತೈತ್ರಿ,” ಎಂದೆ.