ನಲವತ್ತೇಳು ಕೆಜಿಗೆ ಬೈಯುವ ತಕ್ಕಡಿ

ನನ್ನ ಕೈಯಲ್ಲಿ ಕಂಪ್ಯೂಟರ್ ಕೆಟ್ಟ ಉದಾಹರಣೆ ಇಲ್ಲ. ಕೊಡೆ ಕಳೆದಿದೆ, ಕನ್ನಡಕ ಕಳೆದಿದೆ, ಒಮ್ಮೆ ತುರುವೇಕೆರೆಯ ಮದುವೆಯೊಂದರಲ್ಲಿ ನನ್ನ ಚಪ್ಪಲಿ ಬಿಟ್ಟು, ಯಾರದೋ ಎರಡು ಎಡಗಾಲಿನ ಚಪ್ಪಲಿ ಮೆಟ್ಟಿಕೊಂಡು ತಿಪಟೂರಿನ ತನಕ ಬಂದದ್ದೂ ಇದೆ. ಆದರೆ ಕಂಪ್ಯೂಟರಿನ ಮಟ್ಟಿಗೆ ನಾನು ನಿಷ್ಕಳಂಕ ಚಾರಿತ್ರ್ಯದವನು. ಆದ್ದರಿಂದ ಕಳೆದ ಶ್ರಾವಣದಲ್ಲಿ ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲು ಕೂತಾಗ ನನಗೆ ಲವಲೇಶವೂ ಅಳುಕಿರಲಿಲ್ಲ. ಅಳುಕಬೇಕಿತ್ತು!

ತಿಪಟೂರಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಬಿಡುವಿನ ವೇಳೆಯಲ್ಲಿ ಒಂದು ಓಪನ್ ಸೋರ್ಸ್ ಲೈಬ್ರರಿಯ ಪಾಲಕ. ಪುಸ್ತಕದ ಲೈಬ್ರರಿಯಲ್ಲ. ಅಂಕಿ ಕೊಟ್ಟರೆ ಅದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳುವ ಒಂದು ಪುಟ್ಟ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು ತಮ್ಮ ಗಡಿಯಾರಕ್ಕೋ ತಕ್ಕಡಿಗೋ ಜೋಡಿಸಿಕೊಳ್ಳಬಹುದು. ಆದರೆ ಅದು ಲಿನಕ್ಸ್, ವಿಂಡೋಸ್, ಮ್ಯಾಕ್ ಎಂಬ ಮೂರು ಆಪರೇಟಿಂಗ್ ಸಿಸ್ಟಮ್‌ಗಳಲ್ಲೂ ಓಡಬೇಕು. ಒಂದೇ ಸಾರನ್ನು ಮೂರು ಕಡೆಯ ಬೀಗರಿಗೆ ಬಡಿಸುವ ಕೆಲಸ ಇದು. ಒಬ್ಬರಿಗೆ ಉಪ್ಪು ಸಾಲದು, ಇನ್ನೊಬ್ಬರಿಗೆ ಹೆಚ್ಚು, ಮೂರನೆಯವರು ಎಲೆಯನ್ನೇ ತಿರುಗಿಸಿ ಹಾಕಿಕೊಂಡು ಕೂತಿರುತ್ತಾರೆ. ಸಂಬಳ ಸೊನ್ನೆ. ದೂರು ಮಾತ್ರ ಲೋಕದ ನಾಲ್ಕೂ ಮೂಲೆಯಿಂದ!

ಅಂಕಿ ಹೇಳುವ ಧ್ವನಿ ನನ್ನ ಹೆಂಡತಿ ಗಿರಿಜಾಳದು. ಒಂದು ಭಾನುವಾರ ನಡುಮನೆಯಲ್ಲಿ ಮೈಕು ಇಟ್ಟು ಅವಳನ್ನು ಕೂರಿಸಿದ್ದೆ. "ಒಂದರಿಂದ ನೂರರವರೆಗೆ ನಿಧಾನವಾಗಿ ಹೇಳು" ಎಂದೆ.

"ಲಾಭ" ಎಂದಳು.

"ಒಂದು ಅನ್ನೇ!"

"ತೆಂಗಿನಕಾಯಿ ಎಣಿಸೋರು ಯಾರಾದ್ರೂ ಒಂದು ಅಂತಾರೇನ್ರೀ? ನಮ್ಮಪ್ಪ ಹಾಲ್ಕುರಿಕೆ ತೋಟ್ದಲ್ಲಿ ಲಾಭ, ಎರಡು, ಮೂರು ಅಂತಾನೇ ಎಣಿಸ್ತಿದ್ದಿದ್ದು."

"ಇದು ತೆಂಗಿನಕಾಯಿ ಅಲ್ಲ ಕಣೇ, ಲೈಬ್ರರಿ."

"ಏನಾದ್ರೂ ಆಗ್ಲಿ. ಎಣಿಸೋದು ತಾನೆ? ಲಾಭ!"

ಲಾಭವೇ ಉಳಿಯಿತು. ಒಂದನ್ನು ಹೀಗೇಕೆ ಹೇಳುತ್ತದೆ ಎಂದು ಕಂಡರಿಯದ ಊರುಗಳಿಂದ ದೂರು ಬಂದವು. "ನಮ್ಮ ಕಡೆ ಹಾಗೇ" ಎಂದು ಅಧಿಕೃತವಾಗಿ ಉತ್ತರಿಸಿದೆ.

ನೂರು ಅಂಕಿ ಮುಗಿಯಲು ಎರಡು ಗಂಟೆ ಹಿಡಿಯಿತು. ಯಾಕೆಂದರೆ ಒಂದೊಂದು ಅಂಕಿಗೂ ಒಂದೊಂದು ಬೈಗುಳ. ಹನ್ನೆರಡಕ್ಕೆ ಹಾಲು ಉಕ್ಕಿತು, ಇಪ್ಪತ್ತಕ್ಕೆ ಕಾಗೆ ಕೂಗಿತು, ಮೂವತ್ತೊಂದಕ್ಕೆ ನಾನು ಫ್ಯಾನ್ ಆರಿಸಿಲ್ಲವೆಂಬುದು ಪತ್ತೆಯಾಯಿತು. ಅವಳಿಗೆ ನಡುನಡುವೆ ನಗು ಬೇರೆ. ಮರುದಿನದಿಂದ ನಾನು ಅಂಕಿಗಳನ್ನಷ್ಟೇ ಕತ್ತರಿಸಿ ತೆಗೆಯುತ್ತಾ ಬಂದೆ. ನಲವತ್ತೇಳರ ಹೊತ್ತಿಗೆ "ಕಾಫಿ ಆರೋಯ್ತದೆ ಬರ್ರೀ" ಎಂದು ಅಡುಗೆಮನೆಯಿಂದ ಅವಳ ಕೂಗು ಬಂತು. ಕತ್ತರಿಸದೆ, ಬೈಗುಳ ಸಮೇತ ಉದ್ದವಾಗಿದ್ದ ಆ ತುಂಡನ್ನು ಹಾಗೇ ಸೇರಿಸಿ, "ಒಂದು ಸೆಕೆಂಡಿನ ಮೇಲೆ ನುಡಿಸಬೇಡ" ಎಂದು ಒಂದು ಸಾಲು ಬರೆದು ಎದ್ದೆ. ಲಿನಕ್ಸಿನಲ್ಲಿ ಅದು ನಡೆಯಿತು. ಸಾಲದೇ?

ನೂರು ಚೊಕ್ಕ ಅಂಕಿಗಳು ಲೋಕಕ್ಕೆ ಹೋದವು. ಬೈಗುಳ, ನಗು, ಕಾಗೆ ಎಲ್ಲ ಇದ್ದ ಮೂಲ ಮಾತ್ರ ನನ್ನ ಕಂಪ್ಯೂಟರಿನಲ್ಲಿ ಉಳಿಯಿತು.

ಗಿರಿಜಾ ಹೋಗಿ ಮೂರು ವರ್ಷವಾಯಿತು. ಜ್ವರ ಎಂದು ಮಲಗಿದವಳು ಏಳಲಿಲ್ಲ. ಆ ಎರಡು ಗಂಟೆಯನ್ನು ಅಂದಿನಿಂದ ಒಂದು ಸಲವೂ ತೆರೆದಿರಲಿಲ್ಲ. ಧೈರ್ಯವಿರಲಿಲ್ಲ. ಮನಸ್ಸು ಸ್ವಲ್ಪ ಗಟ್ಟಿಯಾದ ಮೇಲೆ ಕೇಳೋಣ ಎಂದು ಇಟ್ಟುಕೊಂಡಿದ್ದೆ. ಅದು ಅಲ್ಲಿದೆ ಎಂಬ ಒಂದು ಸಮಾಧಾನದ ಮೇಲೆ ನನ್ನ ದಿನಗಳು ಸಾಗುತ್ತಿದ್ದವು.

ಹೀಗಿರುವಾಗ ಕಿಬ್ಬನಹಳ್ಳಿಯಿಂದ ಫೋನು ಬಂತು. ಅಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಮಲ್ಲಣ್ಣ. ಅವರ ತಕ್ಕಡಿ ತೂಕವನ್ನು ಕೂಗಿ ಹೇಳುವುದು ನನ್ನ ಲೈಬ್ರರಿಯಿಂದಲೇ.

"ಮೇಷ್ಟ್ರೇ, ಹೊಸ ಕಂಪ್ಯೂಟ್ರು ತಗಂಡೆ. ವಿಂಡೋಸ್ ಐತೆ. ಎಲ್ಲಾ ಚೆನ್ನಾಗೇ ಐತೆ, ನಲವತ್ತೇಳು ಕೆಜಿ ಬಂದ್ರೆ ಮಾತ್ರ ಬೈತದೆ ಕಣ್ರೀ!"

"ಬೈತದಾ? ಯಾರಿಗೆ?"

"ಎದುರಿಗೆ ನಿಂತಿರೋರಿಗೆ! ನಿನ್ನೆ ಹುಳಿಯಾರ್ ಕಡೆ ಗೌಡ್ರೊಬ್ರು, ‘ನಾನೇನ್ಲಾ ಕಳ್ಕಂಡಿವ್ನಿ? ಹೆಂಗಸ್ರ ಕೈಲಿ ಬೈಸ್ತೀಯಾ ನನ್ನ?’ ಅಂತ ಚೀಲ ಎತ್ಕಂಡು ಹೊಂಟೇ ಹೋದ್ರು."

"ಏನಂತ ಬೈತದೆ?"

"ಮಂಡಿ ಗಲಾಟೇಲಿ ಯಾವನಿಗೆ ಕೇಳ್ಸ್ತದೆ? ಮೊದ್ಲು ಸರಿ ಮಾಡಿ ಮೇಷ್ಟ್ರೇ!"

ನಾನು ಬರೆದ ಆ ಒಂದು ಸಾಲು ಲಿನಕ್ಸಿಗೆ ಮಾತ್ರ ಅರ್ಥವಾಗುವಂಥದ್ದು ಇರಬೇಕು ಎಂಬ ಗುಮಾನಿ ಬಂತು. ನೋಡಬೇಕೆಂದರೆ ವಿಂಡೋಸ್ ಬೇಕು. ಮನೆಯಲ್ಲಿರುವುದು ಒಂದೇ ಕಂಪ್ಯೂಟರ್, ಅದರಲ್ಲಿ ಲಿನಕ್ಸ್. ಅದನ್ನು ಅಳಿಸಿ ವಿಂಡೋಸ್ ಹಾಕುವುದೆಂದು ತೀರ್ಮಾನಿಸಿದೆ. ದಡ್ಡನೇ ನಾನು? ಮೊದಲು ಪೆನ್‌ಡ್ರೈವ್ ತಂದೆ. ಪರದೆಯ ಮೇಲೆ ಎದುರಿಗೇ ಇದ್ದ "ಗಿರಿಜಾ" ಎಂಬ ಫೋಲ್ಡರನ್ನು ಎಳೆದು ಅದರೊಳಗೆ ಹಾಕಿದೆ. ಎರಡು ಗಂಟೆಯ ಧ್ವನಿ, ರೆಪ್ಪೆ ಬಡಿಯುವಷ್ಟರಲ್ಲಿ ಕಾಪಿ ಆಯಿತು! ಈಗಿನ ಪೆನ್‌ಡ್ರೈವುಗಳ ವೇಗವೇ ವೇಗ ಎಂದು ಮೆಚ್ಚಿಕೊಂಡು ಅದನ್ನು ಅಂಗಿಯ ಜೇಬಿಗೆ ಹಾಕಿ, ಮೇಲಿಂದ ಎರಡು ಸಲ ತಟ್ಟಿದೆ. ಈ ಸಲ ಏನೂ ಕಳೆಯುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ, ಅವಳಿಗೆ ಕೇಳಿಸಲಿ ಎಂದು.

ಎಲ್ಲವನ್ನೂ ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದೆ. ಖಂಡಿತವೇ ಎಂದಿತು. ಹೌದು. ಮರಳಿ ಸಿಗದು ಎಂದಿತು. ಹೌದು ಮಾರಾಯ! ನನ್ನ ಮದುವೆಯಲ್ಲಿ ಐನೋರು ಕೂಡ ಇಷ್ಟು ಸಲ ಕೇಳಿರಲಿಲ್ಲ.

ವಿಂಡೋಸ್ ಬಂತು. ಪೆನ್‌ಡ್ರೈವ್ ಚುಚ್ಚಿದೆ. "ಗಿರಿಜಾ" ಒತ್ತಿದೆ. ತೆರೆಯಲಿಲ್ಲ. ಮತ್ತೆ ಒತ್ತಿದೆ. ಆಗ ನೆನಪಾಯಿತು. ನಿಜವಾದ ಫೋಲ್ಡರು ಒಳಗೆಲ್ಲೋ ಆಳದಲ್ಲಿತ್ತು. ಪರದೆಯ ಮೇಲಿದ್ದದ್ದು ಅಲ್ಲಿಗೆ ಬೇಗ ಹೋಗಲೆಂದು ಹಿಂದೆ ನಾನೇ ಮಾಡಿಟ್ಟಿದ್ದ ಶಾರ್ಟ್‌ಕಟ್. ವಿಳಾಸ ಬರೆದ ಚೀಟಿಯನ್ನು ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು, ಮನೆಯನ್ನೇ ಕೆಡವಿದ್ದೆ.

ಕಂಪ್ಯೂಟರನ್ನು ಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಓಡಿದೆ. ಅವರು ಎರಡು ದಿನ ಇಟ್ಟುಕೊಂಡು ನೋಡಿ, "ಎಲ್ಲಾ ಒರೆಸಿ ಅದರ ಮೇಲೇ ಹೊಸದು ತುಂಬಿದೀರಲ್ಲ ಸಾರ್, ಸಿಗಲ್ಲ ಬುಡಿ" ಎಂದರು. "ಮುಖ್ಯವಾದ್ದೇನಾದ್ರೂ ಇತ್ತಾ?"

"ಇಲ್ಲ, ಅಂಕಿಅಂಶ" ಎಂದೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಮೊದಲು ಅವಳು ಹೋದಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಈ ಸಲ ಮೂರು ಸಾರಿ ಕೇಳಿದರೂ ಹೌದು ಎಂದವನು ನಾನೇ. ಕೇಳಲು ಧೈರ್ಯವಿಲ್ಲ ಎಂದು ಮೂರು ವರ್ಷ ಮುಂದೂಡಿದೆನಲ್ಲ, ಆ ಮೂರು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ ಕೇಳಬಾರದಿತ್ತೇ? ವಾರವಿಡೀ ಶಾಲೆಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆದು ಬಿಡಿಸುವುದನ್ನು ಮರೆತು ನಿಲ್ಲುತ್ತಿದ್ದೆ.

ಮತ್ತೆ ಮಲ್ಲಣ್ಣನವರ ಫೋನು. "ಮೇಷ್ಟ್ರೇ, ಇವತ್ತೂ ಬೈತು ಕಣ್ರೀ! ‘ಎತ್ತಿಡ್ರೀ’ ಅಂತು!"

ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ನಲವತ್ತೇಳು! ಕತ್ತರಿಸದೆ ಬಿಟ್ಟಿದ್ದ ಒಂದೇ ತುಂಡು! ಅದು ಲೈಬ್ರರಿಯ ಜೊತೆ ಇಂಟರ್‌ನೆಟ್ಟಿನಲ್ಲಿ ಭದ್ರವಾಗಿ ಕೂತಿತ್ತು. ಇಳಿಸಿಕೊಂಡು ನುಡಿಸಿದೆ.

"ನಲವತ್ತೇಳು. ಏನ್ರೀ, ಬಾಯ್ ಬಿಟ್ಕಂಡು ನನ್ನೇ ನೋಡ್ತಾ ಕೂತಿದೀರಲ್ಲ! ಇದೆಲ್ಲಾ ಸರಿಯಾಗಿ ಎತ್ತಿಡ್ರೀ. ಆಮೇಲೆ ಕಳ್ಕಂಡು ಬಂದು ನನ್ನ ಕೇಳ್ಬ್ಯಾಡಿ!" ಕೊನೆಯಲ್ಲಿ ಒಂದು ಚೂರು ನಗು.

ಅಷ್ಟೇ. ಎರಡು ಗಂಟೆಯಲ್ಲಿ ಉಳಿದದ್ದು ಅಷ್ಟೇ. ಶ್ರದ್ಧೆಯಿಂದ ಮಾಡಿದ ತೊಂಬತ್ತೊಂಬತ್ತರಲ್ಲಿ ಅವಳಿಲ್ಲ. ಸೋಮಾರಿತನದಿಂದ ಬಿಟ್ಟ ಒಂದರಲ್ಲಿ ಇದ್ದಳು. ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ನಾನು ಗಣಿತದ ಮೇಷ್ಟ್ರು!

ಕತ್ತರಿಸಲು ಅರ್ಧ ನಿಮಿಷ ಸಾಕಿತ್ತು. ಲೈಬ್ರರಿಯ ದೂರು ಪುಸ್ತಕ ತೆರೆದು ಬರೆದೆ: "ನಲವತ್ತೇಳರ ಬಗ್ಗೆ ಪರಿಶೀಲಿಸಲಾಯಿತು. ದೋಷವು ಅಂಕಿಯಲ್ಲಿಲ್ಲ, ಪಾಲಕರಲ್ಲಿದೆ. ಆದಕಾರಣ ಸರಿಪಡಿಸಲಾಗುವುದಿಲ್ಲ."

ಆದರೆ ಮಲ್ಲಣ್ಣನವರ ವ್ಯಾಪಾರ ಕೆಡಬಾರದಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಕಿಬ್ಬನಹಳ್ಳಿಗೆ ಹೋದೆ. "ನಿಮಗೊಬ್ಬರಿಗೆ ಬೈಗುಳ ಇಲ್ಲದ್ದು ಮಾಡಿಕೊಡ್ತೀನಿ" ಎಂದೆ.

"ಅದಿರ್ಲಿ, ಯಾರ ದನಿ ಮೇಷ್ಟ್ರೇ ಅದು?"

"ನಮ್ಮನೆಯೋರದು. ಹೋಗಿ ಮೂರು ವರ್ಷ ಆಯ್ತು."

ಮಲ್ಲಣ್ಣ ಒಂದು ಚೀಲ ತಕ್ಕಡಿಯ ಮೇಲೆ ಎಳೆದರು. ನಲವತ್ತಾರು ಎಂದಿತು. ಬಗ್ಗಿ ಎರಡು, ನಾಲ್ಕು, ಆರು ಕೊಬ್ಬರಿ ಹಾಕಿದರು. ಅವರ ಆಳುಗಳೂ ಕೆಲಸ ಬಿಟ್ಟು ನಿಂತರು. ಗಿರಿಜಾ ಮಂಡಿಯ ತುಂಬ ಕೇಳುವಂತೆ ನನ್ನನ್ನು ಬೈದಳು. ಎಲ್ಲರ ಎದುರು "ಹೂಂ ಕಣೇ" ಎಂದುಬಿಟ್ಟೆ.

"ಹಂಗೇ ಇರ್ಲಿ ಬುಡಿ" ಎಂದರು ಮಲ್ಲಣ್ಣ, ತಲೆ ಎತ್ತದೆ. "ನಲವತ್ತೇಳು ಬಂದ್ರೆ ನಾಕು ಕೊಬ್ರಿ ಆಚೆ ಈಚೆ ಮಾಡ್ಕಂತೀವಿ. ನೀವು ಬಂದಾಗ ಮಾತ್ರ ಸರಿಯಾಗಿ ಇಕ್ಕಿಸ್ತೀನಿ."

ಹೊರಗೆ ಸೋನೆ ಹಿಡಿದಿತ್ತು. ಬಾಗಿಲ ಬಳಿ ಕೊಡೆಗೆ ಕೈ ಚಾಚಿದೆ. ಇಲ್ಲ. ಬಂದ ಬಸ್ಸಿನಲ್ಲೇ ಬಿಟ್ಟಿದ್ದೆ. ಎಲ್ಲಿಟ್ಟೆ ಕಣೇ ಎಂದು ಅಭ್ಯಾಸಬಲದಿಂದ ಬಾಯಿ ತೆರೆದವನು ಹಾಗೇ ಮುಚ್ಚಿದೆ. ನನ್ನ ಕೇಳಬೇಡಿ ಎಂದು ಅವಳು ಈಗಷ್ಟೇ, ಅಷ್ಟು ಜನರ ಮುಂದೆ, ಹೇಳಿದ್ದಳು.