ಗಮನಕ್ಕಾಗಿ ಹಗ್ಗ ಹಾರಿದ್ದು

ತಲೆಯ ತೊಂದರೆಗೆ ಕಾಲಿನಿಂದ ಪರಿಹಾರ ಹುಡುಕಲು ಹೊರಟ ದಿನದಿಂದ ನನಗೆ ಒಂದಲ್ಲ ಒಂದು ಆಗುತ್ತಲೇ ಇದೆ.

೧. ಡಾಕ್ಟರ ಸಲಹೆ

ನಾನು ಅಜ್ಜಂಪುರದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ಐದು ಉತ್ತರ ಪತ್ರಿಕೆ ತಿದ್ದುವುದರೊಳಗೆ ಎದ್ದು ಗಿಡಕ್ಕೆ ನೀರು ಹಾಕಿ, ಫೋನ್ ನೋಡಿ, ಬೀರು ಜೋಡಿಸಲು ಶುರು ಮಾಡುವವಳು. ನಲವತ್ತೆರಡನೇ ವಯಸ್ಸಿನಲ್ಲಿ ಕಡೂರಿನ ಡಾಕ್ಟರೊಬ್ಬರು ಇದಕ್ಕೆ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಎಂದರು. ಚಿಕ್ಕಂದಿನಲ್ಲೇ ಗೊತ್ತಾಗಬೇಕಿತ್ತಂತೆ, ಅದರಲ್ಲೂ ನಾನು ಲೇಟು. ಮಾತ್ರೆಯ ಜೊತೆಗೆ ದಿನಾ ಅರ್ಧ ಗಂಟೆ ಎದೆ ಡವಡವ ಅನ್ನುವಷ್ಟು ಜೋರಾಗಿ ನಡೆಯಿರಿ, ಆಮೇಲೆ ಸ್ವಲ್ಪ ಹೊತ್ತು ಮನಸ್ಸು ಒಂದು ಕಡೆ ನಿಲ್ಲುತ್ತದೆ ಎಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಹುಣಸೆಹಣ್ಣಿನ ಬೀಜ ತೆಗೆಯುತ್ತಲೇ ಕೇಳಿದರು: "ನಡೆದ್ರೆ ಗಮನ ಬತ್ತದಾ? ಮೊನ್ನೆ ಹಾಲಿಗೆ ಅಂತ ನಡ್ಕೊಂಡೇ ಹೋಗಿ ಚಪ್ಪಲಿ ತಗಂಡು ಬಂದ್ಯಲ್ಲ ಕಣೇ."

೨. ಉಪಕಾರಿಗಳ ಊರು

ಮಾರನೇ ದಿನ ಬೆಳಿಗ್ಗೆ ಶೂ ಹಾಕಿಕೊಂಡು ತರೀಕೆರೆ ರಸ್ತೆ ಹಿಡಿದೆ. ನಮ್ಮೂರ ಜನ ಬಹಳ ಒಳ್ಳೆಯವರು. ಟೀಚರ್ ಒಬ್ಬರು ನಡೆಯುವುದನ್ನು ನೋಡಿಕೊಂಡು ಸುಮ್ಮನಿರಲಾರರು. ಹತ್ತು ನಿಮಿಷದಲ್ಲಿ ನಾಲ್ಕು ಬೈಕು ನಿಂತವು. ಗಾಡಿ ಕೆಟ್ಟೋಯ್ತಾ, ಬಸ್ಸು ತಪ್ಪೋಯ್ತಾ ಎಂದು ವಿಚಾರಣೆ. ಐದನೆಯವರು ನಮ್ಮ ಹೆಡ್‌ಮಾಸ್ಟರು. ಆರೋಗ್ಯಕ್ಕೆ ನಡೆಯುತ್ತಿದ್ದೇನೆ ಎಂದೆ. ಅವರಿಗೆ ಆರೋಗ್ಯ ಎಂಬುದಷ್ಟೇ ಕೇಳಿಸಿತು. ಕಾರಿನಲ್ಲಿ ಕೂರಿಸಿಕೊಂಡು ಸೀದಾ ಆಸ್ಪತ್ರೆ ಬಾಗಿಲಿಗೆ ಬಿಟ್ಟರು.

ಅಲ್ಲಿಂದ ಬಿಸಿಲಲ್ಲಿ ಮನೆಗೆ ನಡೆದು ಬಂದೆ. ಆಗ ಮಾತ್ರ ಒಂದು ಗಾಡಿಯೂ ನಿಲ್ಲಲಿಲ್ಲ.

೩. ನಲವತ್ತೊಂದು ಪತ್ರಿಕೆ

ರಸ್ತೆಯ ಸಹವಾಸ ಬಿಟ್ಟು ತಾರಸಿಯ ಮೇಲೆ ಸ್ಕಿಪ್ಪಿಂಗ್ ಶುರು ಮಾಡಿದೆ. ಆ ವಾರ ಹೆಡ್‌ಮಾಸ್ಟರು, ಸೋಮವಾರ ಪತ್ರಿಕೆ ತಿದ್ದಿ ತರದಿದ್ದರೆ ಈ ಸಲ ಕಾರಣ ಬರೆದೇ ಕೊಡಬೇಕು ಎಂದಿದ್ದರು. ಭಾನುವಾರ ಬೆಳಿಗ್ಗೆ ಬೆವರು ಇಳಿಯುವ ತನಕ ಹಾರಿ, ಸ್ನಾನ ಮಾಡಿ ಪತ್ರಿಕೆಯ ಕಟ್ಟು ಬಿಚ್ಚಿದೆ. ಹತ್ತಾಯಿತು, ಇಪ್ಪತ್ತಾಯಿತು, ಏಳಬೇಕು ಅನ್ನಿಸಲೇ ಇಲ್ಲ. ಅತ್ತೆ ತಂದಿಟ್ಟ ಕಾಫಿ ಆರಿಹೋಯಿತು. ಹುಟ್ಟಿದ ಮೇಲೆ ಮೊದಲ ಸಲ, ನಲವತ್ತೊಂದು ಪತ್ರಿಕೆಯನ್ನೂ ಕೂತಲ್ಲಿಂದ ಏಳದೆ ಮುಗಿಸಿದೆ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಸೋಮವಾರ ಕಟ್ಟನ್ನು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಅದು ಬಿ ಸೆಕ್ಷನ್. ನನ್ನದು ಎ. ಸ್ಟಾಫ್ ರೂಮಿನಿಂದ ನಾನು ಹೊತ್ತು ಒಯ್ದಿದ್ದು ಇನ್ನೊಬ್ಬ ಕನ್ನಡ ಟೀಚರ್ ಕಟ್ಟು.

ಹಗ್ಗ ಹಾರಿದ್ದರಿಂದ ಹಿಡಿದು ಕಾರಣ ಬರೆಯುತ್ತ ಕೂತಿದ್ದಾಗ ಆ ಟೀಚರ್ ಬಂದು ಅದನ್ನು ಓದಿ, ನನ್ನ ಕೈ ಹಿಡಿದುಕೊಂಡು, ತುಂಬಾ ಕಾಳಜಿಯಿಂದ ಹೇಳಿದರು: "ಯಾರೇನೇ ಅನ್ಲಿ, ಆ ಹಗ್ಗ ಮಾತ್ರ ಬಿಡ್ಬೇಡಿ ಕಣ್ರೀ. ನಂದು ಸಿ ಸೆಕ್ಷನ್ನೂ ಇದೆ."