ಹೆಂಡತಿಯ ಕೈಗೆ ಬಂದ ಚೋಕು

ಬೈಕು ಎಂದಮೇಲೆ ಅದರ ಮೈಯಲ್ಲಿ ನನ್ನ ಕೈಯಾಡದ ಜಾಗವೇ ಇಲ್ಲ! ಮನಸ್ಸು ಮಾಡಿದರೆ ಲೋಟದ ಕಾಫಿ ಆರುವುದರೊಳಗೆ ಎಂಥ ರಿಪೇರಿಯನ್ನೂ ಮುಗಿಸಿಬಿಡಬಲ್ಲೆ. ಈ ಮಾತನ್ನು ನಾನು ಘಂಟಾಘೋಷವಾಗಿ ಸಾರಿದ್ದು, ದುರದೃಷ್ಟವಶಾತ್, ನನ್ನ ಹೆಂಡತಿಯ ಬಡ್ತಿ ಪರೀಕ್ಷೆಯ ದಿನ ಬೆಳಿಗ್ಗೆ.

ನಮ್ಮ ಬೈಕಿಗೆ ವಯಸ್ಸಾಗಿದೆ. ಚಳಿಯಲ್ಲಿ ಚೋಕು ಎಳೆಯದಿದ್ದರೆ ಏಳುವುದೇ ಇಲ್ಲ. ಹ್ಯಾಂಡಲ್ಲಿನ ಎಡಕ್ಕಿರುವ ಪುಟ್ಟ ಲಿವರನ್ನು ಎಳೆದರೆ, ಎಂಜಿನ್ ಬಿಸಿಯಾಗುವವರೆಗೆ ಅದು ಅಲ್ಲೇ ನಿಂತಿರಬೇಕು. ನಮ್ಮದು ನಿಲ್ಲದು! ಕೈ ಬಿಟ್ಟ ಕೂಡಲೇ ಸಾಲ ಕೊಟ್ಟವನನ್ನು ಕಂಡವರಂತೆ ಸರ್ರನೆ ಹಿಂದಕ್ಕೋಡುತ್ತದೆ. ಎಂಜಿನ್ ಕೆಮ್ಮಿ, ಕ್ಯಾಕರಿಸಿ, ಕಣ್ಮುಚ್ಚುತ್ತದೆ.

"ರೀ, ನನ್ನ ಫ್ರೆಂಡು ಕಾರಲ್ಲಿ ಬಂದು ಕರ್ಕೊಂಡು ಹೋಗ್ತೀನಿ ಅಂತಿದಾಳೆ" ಎಂದಳು ಹೆಂಡತಿ.

"ನಾನಿರುವಾಗ ನಿನಗೆ ಪರರ ಕಾರೇ?" ಎಂದವನೇ ಅವಳ ಕೈಯಿಂದ ಫೋನು ಕಿತ್ತುಕೊಂಡು, "ಬೇಡಮ್ಮಾ, ನೀವು ಹೊರಡಿ" ಎಂದು ಹೇಳಿಯೇಬಿಟ್ಟೆ.

"ಚೋಕು ನಿಲ್ಲಲ್ಲ ಅಂತ ನಿನ್ನೆ ತಾನೆ ಬೈತಿದ್ರಲ್ಲ?"

"ಎಲ್ಲೋ ಒಂದು ಸ್ಕ್ರೂ ಲೂಸಾಗಿದೆ, ಅಷ್ಟೇ ಕಣೇ!"

"ಯಾರದ್ದು?"

ಮಾತಿಗಿಂತ ಕೆಲಸವೇ ಗಂಡಸಿನ ಘನತೆಗೆ ತಕ್ಕದ್ದೆಂದು ಸ್ಕ್ರೂಡ್ರೈವರ್ ಹಿಡಿದು ಅಂಗಳಕ್ಕಿಳಿದೆ. ಲಿವರಿನ ಬುಡದ ಸ್ಕ್ರೂ ಬಿಗಿ ಮಾಡಬೇಕಿತ್ತು. ಯಾವ ಕಡೆಗೆ ತಿರುಗಿಸಿದರೆ ಬಿಗಿಯಾಗುತ್ತದೆಂಬ ಸಣ್ಣ ವಿಷಯದಲ್ಲಿ ಸ್ವಲ್ಪ ಗೊಂದಲವಾಯಿತು. ಸ್ಕ್ರೂ ಕೈಗೇ ಬಂತು! ಅದರಡಿಯಲ್ಲಿದ್ದ ಪುಟ್ಟ ವಾಷರ್ ಬಿಲ್ಲೆ ಟಣ್ಣೆಂದು ಹಾರಿ ಚರಂಡಿಗೆ ಬಿತ್ತು.

ಎದೆಗುಂದಲಿಲ್ಲ. ತಂತಿಯ ಮೇಲಿದ್ದ ಬಟ್ಟೆ ಕ್ಲಿಪ್ ತಂದು ಲಿವರಿಗೆ ಕಚ್ಚಿಸಿ ಕಿಕ್ ಹೊಡೆದೆ. ಎಂಜಿನ್ ಎದ್ದಿತು! "ನೋಡಿದೆಯಾ?" ಎಂದು ಕೂಗುವಷ್ಟರಲ್ಲಿ ಕ್ಲಿಪ್ ಚಿಮ್ಮಿ, ಪಕ್ಕದ ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ನಿವೃತ್ತ ಹೆಡ್‌ಮಾಸ್ಟರರ ಬೋಳುತಲೆಗೆ ತಾಕಿತು.

"ಕ್ಲಾಸಲ್ಲಿ ಚಾಕ್‌ಪೀಸ್ ಎಸೀತಿದ್ದೋನು ನಾನು ಕಣ್ರೀ!" ಎಂದು ತಲೆ ಸವರಿಕೊಂಡರು ಅವರು. "ನನ್ನ ಮೇಲೇ ಎಸೆದ ಮೊದಲ್ನೇ ಶಿಷ್ಯ ನೀವು!"

ಕ್ಷಮೆ ಕೇಳಿ ಬರುವಷ್ಟರಲ್ಲಿ ಎಂಜಿನ್ ಮತ್ತೆ ಸುಮ್ಮನಾಗಿತ್ತು. ಈಗ ನನಗೂ ಹಟ ಬಂತು. ಕೇಬಲ್ಲನ್ನೇ ಇಕ್ಕಳದಲ್ಲಿ ಹಿಡಿದು ಜಗ್ಗಿದೆ. ತಂತಿಯ ತುದಿಯಲ್ಲಿದ್ದ ಸೀಸದ ಗುಂಡು ಕಿತ್ತುಬಂದು, ಲಿವರಿಗೂ ಕೇಬಲ್ಲಿಗೂ ಇದ್ದ ಸಂಬಂಧವೇ ಹರಿದುಹೋಯಿತು.

ಹೆಂಡತಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. "ಹತ್ತು ಗಂಟೆಗೆ ಪರೀಕ್ಷೆ ಸೆಂಟರ್ ಗೇಟ್ ಹಾಕಿಬಿಡ್ತಾರೆ. ಅಡುಗೆಮನೇಲಿ ಒಲೆ ಮುಂದೆ ನಿಂತ್ಕೊಂಡು ಓದಿದೀನಿ ಕಣ್ರೀ ನಾನು." ಕೈಗಡಿಯಾರ ತೋರಿಸಿದಳು. "ನಿಮ್ಮ ಚೋಕೂ ನಿಲ್ಲಲ್ಲ, ನಿಮ್ಮ ಶೋಕೀನೂ ನಿಲ್ಲಲ್ಲ!"

ನಿಜ ಹೇಳುತ್ತೇನೆ, ತಪ್ಪು ನನ್ನದೇ ಎಂದು ಆಗ ಗೊತ್ತಾಯಿತು. ಆದರೂ ಬಾಯಿ ಸೋಲಬೇಕಲ್ಲ! "ಬೈಕು ಹತ್ತಿ ಕೂತ್ಕೋ" ಎಂದೆ. ಒಣಗಿಹಾಕಿದ್ದ ನನ್ನ ಪೈಜಾಮದಿಂದ ಲಾಡಿ ಎಳೆದು ತಂತಿಯ ತುದಿಗೆ ಕಟ್ಟಿ, ನನ್ನ ಹೆಗಲ ಮೇಲಿಂದ ಹಾಯಿಸಿ ಅವಳ ಕೈಗೆ ಕೊಟ್ಟೆ. "ಬಿಗಿಯಾಗಿ ಎಳೆದು ಹಿಡ್ಕೋ. ಪ್ರಾಣ ಹೋದರೂ ಬಿಡಬೇಡ!"

ಹೀಗೆ ಹೊರಟಿತು ನಮ್ಮ ಸವಾರಿ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ನಾಲ್ಕು ರಸ್ತೆ ಕೂಡುವಲ್ಲಿ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಾಕಿ ನಿಲ್ಲಿಸಿ, ಲಾಡಿಯನ್ನೂ ಅದನ್ನು ಹಿಡಿದವಳನ್ನೂ ನೋಡಿ, ಸೀಟಿ ಬಾಯಲ್ಲಿದ್ದಂತೆಯೇ ನಕ್ಕ.

"ಲಗಾಮು ಎಲ್ಲಾರ ಮನೇಲೂ ಅಮ್ಮಾವ್ರ ಕೈಲೇ ಇರುತ್ತೆ ಸಾರ್. ರೋಡಿಗೆ ತಂದು ತೋರಿಸಿದೋರು ನೀವೊಬ್ರೇ!"

ಅಷ್ಟರಲ್ಲಿ ಎಂಜಿನ್ ಬುಸುಬುಸು ಕಪ್ಪು ಹೊಗೆ ಉಗುಳತೊಡಗಿತು.

"ರೀ, ಗಾಡಿ ಬಿಸಿ ಆಯ್ತಲ್ಲ, ಆಮೇಲೂ ಚೋಕು ಎಳೆದೇ ಇಟ್ರೆ ಹೊಗೆ ಬಂದು ನಿಂತ್ಹೋಗುತ್ತಂತೆ, ಇನ್ನು ಬಿಡ್ಲಾ?"

"ಬಿಟ್ಟೀಯ ಜೋಕೆ! ನಿನಗೆ ಇದೆಲ್ಲ ಗೊತ್ತಾಗಲ್ಲ!"

ಎಂಜಿನ್ ನಿಂತೇಹೋಯಿತು. ಕಿಕ್ ಹೊಡೆದೆ. ಹೊಡೆದೆ, ಹೊಡೆದೆ. ಹಿಂದಿನಿಂದ ಹಾರನ್ನುಗಳ ಮೇಳ! ಪೊಲೀಸಿನವನ ನಗು ಮಾಯವಾಗಿತ್ತು. ಬೆನ್ನ ಹಿಂದೆ ಹೆಂಡತಿ ಗಡಿಯಾರ ನೋಡಿಕೊಂಡು ಮೂಗು ಎಳೆದ ಸದ್ದು ಕೇಳಿಸಿತು. ಕಾಲು ಸೋತು, ಅಂಗಿ ಬೆವರಿನಲ್ಲಿ ತೊಯ್ದು, ಕೊನೆಯ ಪ್ರಯತ್ನವೆಂದು ಮೈಯೆಲ್ಲ ಭಾರ ಹಾಕಿ ತುಳಿದೆ.

ಢರ್ರ್! ಎದ್ದಿತು! ಹೊಗೆಯಿಲ್ಲ, ಕೆಮ್ಮಿಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಓಡಿತು. ನನ್ನ ಬಾಯಿಯೂ ಅದರ ಜೊತೆಗೇ ಓಡಿತು.

"ಈಗ ತಿಳೀತಾ? ಚೋಕನ್ನು ಹೀಗೆ ಒಂದೇ ಸಮನಾಗಿ ಹಿಡೀಬೇಕು. ಪರವಾಗಿಲ್ಲ, ನನ್ನ ಜೊತೆ ಇದ್ದೂ ಇದ್ದೂ ನಿನಗೂ ಕೈ ಕುದುರಿದೆ!"

ಕಾವಲುಗಾರ ಗೇಟು ಎಳೆಯುತ್ತಿರುವಾಗ ತಲುಪಿದೆವು. ಅವಳು ಜಿಗಿದಿಳಿದು ಓಡಿ, ಕಿಂಡಿಯಷ್ಟು ಉಳಿದಿದ್ದ ಸಂದಿಯಲ್ಲಿ ನುಸುಳಿ, ಸರಳುಗಳ ಆಚೆಯಿಂದ ತಿರುಗಿ ನೋಡಿದಳು.

"ರೀ, ಹೋಗ್ತಾ ಹುಷಾರು. ಆ ಲಾಡಿ ಚಕ್ರಕ್ಕೆ ಸಿಕ್ಕೀತು, ಎತ್ತಿ ಕಟ್ಕೊಳ್ಳಿ. ಆ ಪೊಲೀಸಪ್ಪನ ಮುಂದೆ ನಾನು ಕೈ ಬಿಟ್ಟ ಮೇಲೆ ಅದು ನೆಲದ ಮೇಲೇ ಎಳಕೊಂಡು ಬರ್ತಾ ಇದೆ!"